ಫಸಲಿ ೧೨೬೩ರಿಂದ ೧೨೭೦

ಲಿಂಗಸುಗೂರಿನ ದಫ್ತರಖಾನೆಯಲ್ಲಿ
ಹದಿನೆಂಟು ವರ್ಷ ಕೆಂಪು ಬಟ್ಟೆಯ ಗಂಟು ಬಿಚ್ಚಿ ಕಟ್ಟಿದವ ನಾನು.
ಗೆದ್ದಲಿಗೆ ಬೇವಿನೆಲೆ, ಇಲಿಗೆ ಬೋನು,
ಸಾಹೇಬರು ಬಂದರೆ ಎದ್ದು ನಿಲ್ಲುವುದು;
ಇಷ್ಟೇ ನನ್ನ ವಿದ್ಯೆ.

ಒಂದು ಗಂಟು ಮಾತ್ರ ಬಹಳ ಸಣ್ಣದು.
ಆಚೆ ಈಚೆ ಹತ್ತಿಯ ಅಂಡಿಗೆಯಂಥವು,
ನಡುವೆ ಇದು,
ಉಂಡವರ ಪಂಕ್ತಿಯಲ್ಲಿ ಉಪವಾಸ ಕೂತ ಹುಡುಗನಂತೆ.
ಏಳೇ ಏಳು ಫಸಲಿ.

ಸಂಬಳ ಕೊಡಲಾರದ ದೊರೆ
ದಂಡು ಸಾಕಿದವರಿಗೆ ಬರೆದುಕೊಟ್ಟ ನೆಲ.
ಮನೆಯ ಹಂಡೆಯನ್ನು ಶೆಟ್ಟಿಯ ಅಂಗಡಿಯಲ್ಲಿಟ್ಟು
ಬೆನ್ನು ತಿರುಗಿಸಿ ಬರುತ್ತಾರಲ್ಲ, ಹಾಗೆ.
ಹಳಬರು ಇದನ್ನು ಎಡೆದೊರೆ ಎಂದಿದ್ದರು;
ಪಾರಸಿ ಬಲ್ಲವರು ದೋಆಬ್ ಎಂದರು;
ಕುಂಪಣಿಯವರು ಬರೆದದ್ದು: ವಹಿಸಿಕೊಟ್ಟ ಜಿಲ್ಲೆ.
ಯಾರು, ಯಾರಿಗೆ, ಎಷ್ಟಕ್ಕೆ ಎಲ್ಲಾ ಇದೆ ಕಾಗದದಲ್ಲಿ.
ಕೃಷ್ಣೆಯನ್ನು ಕೇಳಿದ, ತುಂಗಭದ್ರೆಯನ್ನು ಕೇಳಿದ,
ನಡುವಿನವರನ್ನು ಕೇಳಿದ ಒಂದು ಚೀಟಿಯೂ ಗಂಟಿನಲ್ಲಿಲ್ಲ.

ಮೊದಲ ಹಾಳೆಗಳಲ್ಲೇ ಸಿಕ್ಕಿತು ಈ ರಸೀದಿ:
ಮುದಗಲ್ಲಿನ ದಾವಲಸಾಬ, ಮೊಹರು ಕೆತ್ತುವವ,
ಹೊಸ ಹೆಸರಿನ ಮೊಹರು ಒಂದು,
ಹಿತ್ತಾಳೆ, ಹದಿನಾಲ್ಕು ತೊಲೆ,
ಕೂಲಿ ಆರು ಆಣೆ, ಕುಂಪಣಿ ನಾಣ್ಯ.
ರುಜು ಬರದವ. ರುಜುವಿನ ಜಾಗದಲ್ಲಿ
ಒಂದು ಉಳಿ ಬರೆದಿದ್ದಾನೆ, ನಿಶಾನಿ.
ಊರಿಗೆಲ್ಲ ಅಕ್ಷರ ಕೆತ್ತಿಕೊಟ್ಟವನು.

ಇನ್ನು ಮುಂದಿನದು ಗಂಟಿನಲ್ಲಿಲ್ಲ,
ಮಧ್ಯಾಹ್ನದ ನಿದ್ದೆ ತಡೆಯಲು ನಾನು ಕಟ್ಟಿಕೊಂಡದ್ದು.
ಅವನಿಗೊಬ್ಬ ಮಗಳು, ಹೊನ್ನೂರಬಿ,
ಕುಂಪಣಿ ಬಾವುಟ ಏರಿದ ತಿಂಗಳಲ್ಲೇ ಹುಟ್ಟಿದವಳು.
ಉಳಿಯ ಸದ್ದಿಗೆ ಮಲಗಿ, ಉಳಿ ನಿಂತರೆ ಎದ್ದು ಅಳುವವಳು.
ಅಕ್ಷರ ಕಲಿತದ್ದು ಮೊಹರು ನೋಡಿ.
ಹೀಗಾಗಿ ಸರಕಾರವನ್ನು ಅವಳು
ಕಡೆತನಕ ಉಲ್ಟಾ ಓದಿದಳು.
'ಅಬ್ಬಾ, ಇದು ಸೀದಾ ಯಾವಾಗ ಆಗ್ತದ?'
'ಅರಗಿನ ಮ್ಯಾಲ ಒತ್ತಿದಾಗವ್ವ.
ಯಾರ ರಾಜ್ಯ ಬಂದ್ರೂ ನಾವು ಉಲ್ಟಾನ ಕೆತ್ತಬೇಕು.'

ನಡುವೆ ಒಂದು ವರ್ಷ
ಕೊಪ್ಪಳದ ಕಡೆಯಿಂದ ಬಂದ ಹಾಳೆಗಳು.
ಬರೀ ಹೆಸರು. ಹೆಸರಿನ ಮುಂದೆ ಕೆಂಪು ಗೀಟು.
ತಂದೆಯ ಹೆಸರು, ಊರು, ಹಿಡಿದ ಆಯುಧ, ಗೀಟು.
ಅವುಗಳ ಬುಡದಲ್ಲೂ ದುಂಡಗೆ
ದಾವಲಸಾಬನ ಅಕ್ಷರ, ಸೀದಾ.
ಅವನಿಗೆ ಗೊತ್ತಿತ್ತೋ ಇಲ್ಲವೋ.
ಗೊತ್ತಿದ್ದರೆ ಅಂದು ಉಂಡನೋ ಇಲ್ಲವೋ.
ಆ ಹಾಳೆಗಳ ಧೂಳನ್ನು ನಾನು ಕೊಡವುವುದಿಲ್ಲ,
ಬೆರಳಿನಿಂದ ಒರೆಸುತ್ತೇನೆ.

ಹೊನ್ನೂರಬಿಯ ಮುಂದಿನ ಎರಡು ಹಾಲುಹಲ್ಲು ಬಿದ್ದವು.
ಸರಕಾರವೂ ಬಿತ್ತು.
ಬಿತ್ತು ಎನ್ನಬಾರದು, ಅಡವು ಬಿಡಿಸಿಕೊಂಡರು.
ಹಲ್ಲನ್ನು ಅವಳು ಮಾಡಿನ ಮೇಲೆ ಎಸೆದಳು.
ಸರಕಾರವನ್ನು ದಂಡಿನ ರಸ್ತೆಯಲ್ಲಿ
ಬಂಡಿಗೆ ಹೇರಿದರು, ಕುರ್ಚಿ ಸಮೇತ.
ಮರುದಿನ ಅದೇ ಕಟ್ಟೆ, ಅದೇ ಕಾರಕೂನ,
ಅದೇ ದೌತಿ. ಜನ ಕೇಳಿದ್ದು ಇಷ್ಟೇ:
'ಪಟ್ಟಿ ಯಾವ ರೂಪಾಯಿಯೊಳಗ ಕಟ್ಟಬೇಕ್ರಿ?'
ಕೈಯಲ್ಲಿದ್ದದ್ದು ಕುಂಪಣಿಯದು, ಬೇಕಾದದ್ದು ಹಾಲಿ ಸಿಕ್ಕಾ.
ನಡುವಿನ ವಟ್ಟ ತಿಂದ ಶರಾಫ
ಆ ವರ್ಷ ಮಾಳಿಗೆ ಮನೆ ಕಟ್ಟಿಸಿದ.

ಕೊನೆಯ ಹಾಳೆ ಮತ್ತೆ ಒಂದು ರಸೀದಿ.
ಅದೇ ಉಳಿಯ ನಿಶಾನಿ, ಕೈ ತುಸು ನಡುಗಿದೆ.
ಹಳೇ ಮೊಹರು ಉಜ್ಜಿ ಮೊದಲಿನ ಹೆಸರು ಕೆತ್ತಿದ್ದು.
ಕೂಲಿ ನಾಲ್ಕು ಆಣೆ, ಹಾಲಿ.
ತೂಕ ಹನ್ನೊಂದೂವರೆ ತೊಲೆ.

ಎರಡೂವರೆ ತೊಲೆ ಜಿಲ್ಲೆ
ಆ ಹುಡುಗಿಯ ಕಸಬರಿಗೆಯಲ್ಲಿ ಹೋಯಿತೇನೋ,
ಮಂಗಳವಾರ ಬೆಳಿಗ್ಗೆ, ಅಂಗಳದ ಒಲೆಯ ಬೂದಿಯ ಜೊತೆ.

ಯಾರೋ ಕಾರಕೂನ ಕೇಳಿರಬೇಕು, ಕಮ್ಮಿ ಯಾಕೆ ಎಂದು.
ತಾನೇ ಉತ್ತರ ಬರೆದು, ಮರಳು ಉದುರಿಸಿ ಒಣಗಿಸಿದ್ದಾನೆ;
ಮರಳು ಇನ್ನೂ ಅಂಟಿದೆ, ಹೊಳೆಯದು, ಯಾವ ಹೊಳೆಯದೋ.
ಬಲ ಅಂಚಿನಲ್ಲಿ, ಮೋಡಿಯಲ್ಲಿ, ಒಂದೇ ಮಾತು:

ಷರಾ: ಸವಕಳಿ.