ಒದ್ದೆ ಮೇಜುಬಟ್ಟೆ

ಹುಸ್ತಾದ್‌ವಿಕದ ಬಯಲು ಕಡಲು ಬರುವ ಮುಂಚೆ
ಮೇಜುಬಟ್ಟೆಗೆಲ್ಲ ನೀರು ಚಿಮುಕಿಸುತ್ತಾಳೆ ಗುನ್‌ವೋರ್.
ತಟ್ಟೆ ಜಾರಬಾರದಲ್ಲ.
ಕೈಗಂಬಿಯ ಸಂದಿಗೆ ಕಾಗದದ ಚೀಲ
ಸಿಕ್ಕಿಸುತ್ತ ಹೋಗುತ್ತಾಳೆ,
ತೋರಣ ಕಟ್ಟುವವಳ ಹಾಗೆ.

ಡಿಸೆಂಬರು. ಮೂರು ಗಂಟೆಗೇ ಕತ್ತಲು.
ಕಿಟಕಿಯಲ್ಲಿ ಒಮ್ಮೆ ಬರೀ ನೀರು,
ಒಮ್ಮೆ ಬರೀ ಆಕಾಶ. ಎರಡೂ ಒಂದೇ ಮಸಿ.

ಏಳನೇ ಮೇಜಿನ ಮುದುಕ ಓಡ್ವಾರ್,
ನಲವತ್ತು ಚಳಿಗಾಲ ಕಾಡ್ ಮೀನು ಹಿಡಿದವನು,
ಹಸಿರು ಸೇಬು ಕಚ್ಚಿಕೊಂಡು ಕೂತಿದ್ದ, ಬಿಳಿಚಿಕೊಂಡು.
"ದೋಣಿಯಲ್ಲಿ ಹೀಗಾಗುತ್ತಿರಲಿಲ್ಲ," ಅಂದ,
"ಕೈಗೆ ಕೆಲಸವಿತ್ತು."

ಅವಳು ಮಾತಾಡದೆ
ಒಂದು ಬುಟ್ಟಿ ಚಮಚ, ಒಂದು ಒಣಬಟ್ಟೆ
ಅವನ ಮುಂದಿಟ್ಟಳು.

ಹಡಗು ಮಗ್ಗುಲಾಯಿತು. ಎಲ್ಲೋ ಗಾಜು ಒಡೆಯಿತು.
ಅವನು ಒರೆಸುತ್ತಲೇ ಇದ್ದ,
ಆಗಲೇ ಹೊಳೆಯುತ್ತಿದ್ದ ಚಮಚಗಳನ್ನು.