ಮೈನಸ್ ಹದಿನೆಂಟು

ಬೇಯಿಸಿ, ಹೊಗೆಗೊಡ್ಡಿ, ಹೆಪ್ಪುಗಟ್ಟಿಸಿದ ಕೇದರ ಮೀನು.
ಇನ್ನೂರ ಹನ್ನೆರಡು ಪೆಟ್ಟಿಗೆ.
ಮಾಲ್ಡೀವ್ಸಿನಿಂದ ಕೊಲಂಬೊ, ಕೊಲಂಬೊದಿಂದ ಪಣಂಬೂರು,
ಅಲ್ಲಿಂದ ಬಾಳೆಬರೆ ಘಾಟಿ ಹತ್ತಿ
ಶಿವಮೊಗ್ಗ, ಬಿ.ಎಚ್. ರಸ್ತೆ, ನನ್ನ ಅಂಗಡಿಯ ಫ್ರೀಜರು.
ಇಷ್ಟೇ ಇದ್ದದ್ದು ಕನಸು.
ಕನಸಿಗೂ ಭರ್ತಿ ಮಾಡುವ ನಮೂನೆ ಉಂಟೆಂದು
ಆಮೇಲೆ ತಿಳಿಯಿತು.

ಮೀನಿನ ವೈಜ್ಞಾನಿಕ ಹೆಸರು ಬರೆಯಿರಿ.
ಹಿಡಿದ ಕಡಲು ಯಾವುದು, ಬಲೆಯೋ ಗಾಳವೋ, ಬರೆಯಿರಿ.
ಆ ದೇಶ ಕೊಟ್ಟ ಆರೋಗ್ಯ ಪತ್ರ,
ಈ ದೇಶ ಮೊದಲೇ ಕೊಟ್ಟ ಪರವಾನಗಿ,
ಎರಡರಲ್ಲೂ ಪೆಟ್ಟಿಗೆಯ ಲೆಕ್ಕ ಒಂದೇ ಇರಲಿ.
ಸರಕಿನ ಆಯಸ್ಸು ನೂರಕ್ಕೆ ಅರವತ್ತಾದರೂ
ಬಂದರು ಮುಟ್ಟುವಾಗ ಉಳಿದಿರಲಿ.

ಅವ್ವ ನಕ್ಕಳು:
‘ಹಂಗಾರೆ ನನ್ನ ಒಳಗೆ ಬಿಡಾದಿಲ್ಲ ಅನ್ನು.’

ಅವಳು ಚೌಡಮ್ಮ, ಗಾಜನೂರಿನವಳು.
ಹೊಳೆಮೀನಿಗೆ ಹೆಬ್ಬೆರಳು ಒತ್ತಿ
ಗುಳಿ ಮೇಲೆದ್ದರೆ ಬುಟ್ಟಿಗೆ, ಏಳದಿದ್ದರೆ ನೀರಿಗೆ.
ಕಿವಿರು ಬಿಡಿಸಿ ಬಣ್ಣ ನೋಡುವಳು
ಮಗುವಿನ ಕಣ್ಣು ಬಿಡಿಸಿ ರಕ್ತ ಇದೆಯೇ ಎಂದು ನೋಡುವಂತೆ.
ನನ್ನ ಕೇದರಕ್ಕೆ ಕಿವಿರಿಲ್ಲ, ಕಣ್ಣಿಲ್ಲ, ಒತ್ತಿದರೆ ಪ್ಲಾಸ್ಟಿಕ್ಕು.
ಅದಕ್ಕಿದ್ದದ್ದು ಕಾಗದ ಮಾತ್ರ.

ಒಂಬತ್ತನೆಯ ದಿನ ವಿಲ್ಫ್ರೆಡ್ ಫೋನು ಮಾಡಿದ:
‘ದುರ್ಗಪ್ಪನವರೇ, ಸ್ಟಿಕ್ಕರ್ ಸರಿಯಾಯ್ತು,
ಕಂದು ತ್ರಿಕೋನ ಒಪ್ಪಿದ್ರು, ವಿಳಾಸ ಒಪ್ಪಿದ್ರು.
ಮೇಡಮ್ಮಿಗೆ ಮತ್ತೇನೋ ಸಂಶಯ. ನೀವೇ ಬನ್ನಿ.’
ದಿನಕ್ಕಿಷ್ಟು ಎಂದು ಬಾಡಿಗೆ ಏರುತ್ತಿತ್ತು.
ನಾನು ಘಾಟಿ ಇಳಿದೆ.

ಮೇಡಮ್ಮಿನ ಹೆಸರು ಮೇದಿನಿ. ಊರು ಹೊಸನಗರದ ಹತ್ತಿರ.
ಮೀನು ಬೇಯದ ಮನೆ.
ನಮ್ಮ ಕಡೆಯವಳೇ ಎಂದು ಒಳಗೊಳಗೇ ಸಲಿಗೆ ಬಂತು ನನಗೆ,
ಅವಳಿಗೆ ಬರಲಿಲ್ಲ.
ಹಡಗಿನ ಪೆಟ್ಟಿಗೆಯೊಳಗೆ ಕೂತು ಬಂದಿದ್ದ ಪುಟ್ಟ ಯಂತ್ರದ
ಗೀಟು ಹಿಡಿದು ತೋರಿಸಿದಳು.
ಮೈನಸ್ ಹದಿನೆಂಟು, ಮೈನಸ್ ಹದಿನೆಂಟು,
ಗಾಜನೂರು ಬಯಲಿನಂತೆ ಮಟ್ಟಸ.
ಆಮೇಲೆ ಕೊಲಂಬೊದಲ್ಲಿ ಒಂದು ರಾತ್ರಿ
ಗೀಟು ಘಾಟಿ ಹತ್ತಿತ್ತು.
ತಿರುವು, ತಿರುವು, ಹನ್ನೊಂದು ಗಂಟೆ,
ಪ್ಲಸ್ ಹತ್ತೊಂಬತ್ತರ ತುದಿ; ಮತ್ತೆ ಇಳಿದು
ಏನೂ ಆಗದವರಂತೆ ಬಯಲು.

‘ಮತ್ತೆ ಹೆಪ್ಪುಗಟ್ಟಿದೆಯಲ್ಲ ಮೇಡಂ?’
‘ಹಿಸ್ಟಮಿನ್ ಹೆಪ್ಪುಗಟ್ಟಿದರೂ ಹೋಗಲ್ಲ, ಕುದಿಸಿದರೂ ಹೋಗಲ್ಲ.’
ಲ್ಯಾಬಿನ ವರದಿ ಮೇಜಿನ ಮೇಲಿತ್ತು.
ಎರಡು ಮಾದರಿ. ಎರಡೂ ಮಿತಿಯ ಆಚೆ.
ಎಂದೂ ಮೀನು ತಿನ್ನದವಳು
ನನ್ನ ಮೀನನ್ನು ನನಗಿಂತ ಚೆನ್ನಾಗಿ ಓದಿದ್ದಳು.
ವಾಪಸು ಕಳಿಸಿ, ಇಲ್ಲವೇ ಸುಡಿಸಿ.
ಕಳಿಸಲು ದುಡ್ಡಿರಲಿಲ್ಲ.

ರಾತ್ರಿ ಅವ್ವನಿಗೆ ಹೇಳಿದೆ. ಗೀಟನ್ನು ಗಾಳಿಯಲ್ಲಿ ಬರೆದೆ.
ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತಲೇ ಇದ್ದಳು.
‘ನೀ ಹುಟ್ಟೋಕೆ ಮುಂಚೆ.
ಹೊಳೆ ತುಂಬಿತ್ತು, ನಮ್ಮ ಮೀನಿಲ್ಲ. ಕರಾವಳಿ ಬಂಗುಡೆ ತರಿಸಿದ್ದೆ.
ಘಾಟಿ ಕುಸಿದು ಲಾರಿ ಹೊಸಂಗಡೀಲಿ ಒಂದಿನ ನಿಂತಿತ್ತು.
ನೋಡಕ್ಕೆ ಚಂದಿತ್ತು. ಮಾರಿದೆ.
ಟೈಲರ್ ಗಫಾರ್ ಸಾಬರ ಮನೇಲಿ ಮಕ್ಕಳ ಮುಖ
ಕೆಂಡ ಆಗಿತ್ತಂತೆ. ತುಟಿ ಊದಿತ್ತಂತೆ.
ಉಳಿದ್ರು. ಯಾರೂ ನನ್ನ ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಆವತ್ತಿಂದ ಬುಟ್ಟಿಗೊಂದು ತುಂಡು ಸುಟ್ಟು,
ನಾ ತಿಂದು, ಗಳಿಗೆ ಬಿಟ್ಟು,
ನಾಲಿಗೆ ಚುರುಗುಟ್ಟದಿದ್ರೆ ಮಾರ್ಕೆಟ್ಟಿಗೆ.’

ಬೆಳಗಿನ ಜಾವ ಎದ್ದೊಡನೆ
ಅವಳು ಏನನ್ನೋ ಬಾಯಲ್ಲಿಟ್ಟು ಸುಮ್ಮನೆ ಕೂರುತ್ತಿದ್ದಳು.
ದೇವರ ಧ್ಯಾನ ಅಂದುಕೊಂಡಿದ್ದೆ.

ಸುಟ್ಟ ಪ್ರಮಾಣಪತ್ರ ಬಂತು, ಮೊಹರು ಸಮೇತ.
ಖಾಲಿ ಫ್ರೀಜರು ಒಂದು ವಾರ ಗುಂಯ್‌ಗುಟ್ಟಿತು,
ಏನನ್ನೂ ಮೈನಸ್ ಹದಿನೆಂಟರಲ್ಲಿಟ್ಟು.
ಹೆಚ್ಚಿಗೆ ಅಚ್ಚು ಹಾಕಿಸಿದ ಸ್ಟಿಕ್ಕರ್ ಮಾತ್ರ ಮನೆ ತುಂಬ.
ಮಗಳು ಜೀವಿತಾ ಸ್ಕೂಲ್ ಬ್ಯಾಗಿಗೆ ಅಂಟಿಸಿದಳು,
ನೀರಿನ ಕೊಡಕ್ಕೆ, ಬೆಕ್ಕಿಗೆ,
ಕೊನೆಗೆ ಅಜ್ಜಿಯ ಮುಂಗೈಗೆ:
ಕಂದು ತ್ರಿಕೋನ. ಆಮದುದಾರ: ದುರ್ಗಪ್ಪ, ಶಿವಮೊಗ್ಗ.
ಅವ್ವ ಕೀಳಲಿಲ್ಲ.
ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿದಳು.