ಒಂದನ್ನೇ ಆರಿಸಿ

ಮುಖ್ಯ ಇಂಧನ ಯಾವುದು ಎಂದು ಕೇಳುತ್ತಾನೆ ಹುಡುಗ,
ಮೊಣಕಾಲ ಮೇಲೆ ಹೊಳೆಯುವ ಹಲಗೆ ಇಟ್ಟುಕೊಂಡು.
ಕೌಂಟಿ ಕಚೇರಿಯಿಂದ ಬಂದವನು,
ಬೂಟಿಗೆಲ್ಲ ನಮ್ಮ ವಿಹಿಗಾದ ಕೆಂಪು ಮಣ್ಣು.
ಒಂದನ್ನೇ ಆರಿಸಬೇಕಂತೆ. ಕಗೆಹಾ ಅಮ್ಮ, ಒಂದೇ.

ಯಾವ ಹೊತ್ತಿನದು ಕೇಳು ಮೊದಲು.
ಬೆಳಗಿನ ಚಹಾಕ್ಕೆ ಗ್ಯಾಸು;
ಶಾಲೆಯ ಗಂಟೆ ನನ್ನ ಹಸಿ ಸೌದೆಗೆ ಕಾಯುವುದಿಲ್ಲ.
ಸಿಲಿಂಡರಿನ ಕೊರಳಿಗೆ ಮೀಟರು ಕಟ್ಟಿದ್ದಾರೆ,
ಫೋನಿನಲ್ಲಿ ಇಪ್ಪತ್ತು ಶಿಲ್ಲಿಂಗು ಹಾಕಿದರೆ
ಇಪ್ಪತ್ತರಷ್ಟೇ ಉರಿ.
ಹೋದ ವಾರ ಚಪಾತಿ ಒಂದು ಮಗ್ಗುಲು ಬೆಂದಿತ್ತು,
ಇನ್ನೊಂದು ಮಗ್ಗುಲಿಗೆ ದುಡ್ಡು ಮುಗಿಯಿತು.

ಕಾಳು ಮೂರು ತಾಸು ಬೇಯುವ ಜಾತಿ.
ಗ್ಯಾಸಿನ ಮೇಲಿಟ್ಟರೆ ಆಡು ಮಾರಬೇಕು.
ಅದಕ್ಕೆ ಮೂರು ಕಲ್ಲು, ನೀಲಗಿರಿಯ ಕೊಂಬೆ,
ಸುಗ್ಗಿಯಾದ ಮೇಲೆ ಮೆಕ್ಕೆಜೋಳದ ಬೆಂಡು.
ಉಗಾಲಿಗೂ ಅಲ್ಲೇ. ತೊಳಸುವಾಗ ಪಾತ್ರೆ ಓಡಬಾರದು,
ಗ್ಯಾಸಿನ ಒಲೆಗೆ ಅಂಥ ಕಾಲಿಲ್ಲ.
ಇದ್ದಿಲು ಬೀಗರು ಬಂದಾಗ.
ಚೀಲಕ್ಕೀಗ ಎಷ್ಟು ಗೊತ್ತಾ? ಬೀಗರೂ ಕಡಿಮೆ ಬರುತ್ತಾರೆ.

ಹೊಗೆ ಒಳ್ಳೆಯದೆಂದು ನಾನು ಹೇಳಲಿಲ್ಲ,
ಹಾಗೆಂದು ಬರೆದುಕೊಳ್ಳಬೇಡ.
ನನ್ನ ಅಕ್ಕ ಮಿನಾಯೊ ಕೆಮ್ಮಿ ಕೆಮ್ಮಿಯೇ ಹೋದಳು.
ಅವಳ ಕಾಂಗಾ ಬಟ್ಟೆಯನ್ನು ಏಳು ಸಲ ಒಗೆದೆ,
ವಾಸನೆ ಹೋಗಲಿಲ್ಲ.
ಎಂಟನೆಯ ಸಲ ಒಗೆಯಲಿಲ್ಲ.

ಸೊಸೆ ಮುಸಿಂಬಿಯ ಹೊಸ ಅಡುಗೆಮನೆಯ ಗೋಡೆ
ಹಾಲಿನ ಹಾಗಿದೆ, ಹೋಗಿ ನೋಡು ಬೇಕಾದರೆ.
ಮೊದಲು ಒಲೆ ಆರಿದರೆ
ಬೋಕಿಬಿಲ್ಲೆ ಹಿಡಿದು ಬೇಲಿ ದಾಟಿ ಬರುತ್ತಿದ್ದಳು ಕಸಾಂದಿ,
ಒಂದು ಕೆಂಡ ಒಯ್ದು
ಊರ ಸುದ್ದಿ ಅರ್ಧ ಇಲ್ಲೇ ಬಿಟ್ಟುಹೋಗುತ್ತಿದ್ದಳು.
ಗ್ಯಾಸು ಮುಗಿದರೆ ಯಾರೂ ಬೇಲಿ ದಾಟುವುದಿಲ್ಲ,
ಅಂಗಳದಲ್ಲಿ ನಿಂತು ಫೋನು ದಿಟ್ಟಿಸುತ್ತಾರೆ.
ಹೊಗೆ ತಪ್ಪಿದ ವರ್ಷವೇ
ನನ್ನ ಹುಲ್ಲಿನ ಮಾಡಿಗೆ ಗೆದ್ದಲು ಬಂತು.
ಅದಕ್ಕೊಂದು ಚೌಕ ಇದೆಯಾ ನಿನ್ನ ಹಲಗೆಯಲ್ಲಿ?

ಮುಖ್ಯವಾದದ್ದು, ಅಮ್ಮ. ಮತ್ತೆ ಅದೇ.

ಬಿಸಿಲೇರಿತ್ತು. ಬೂದಿ ಕೆದಕಿ ಗೆಣಸು ಕೊಟ್ಟೆ.
ಊದಿ ಊದಿ ತಿಂದ, ಸಿಪ್ಪೆ ಸಮೇತ;
ಬೆಳಗಿನಿಂದ ಏನೂ ತಿಂದಿರಲಿಲ್ಲವೇನೋ ಪಾಪ.
ಆಮೇಲೆ ಮಸಿ ಬೆರಳಲ್ಲೇ ಹಲಗೆ ಮುಟ್ಟಿದ.
ಯಾವ ಚೌಕವೋ, ನನಗೆ ತಲೆಕೆಳಗಾಗಿ ಕಾಣುತ್ತಿತ್ತು.
ಕರಿ ಗುರುತು ಮಾತ್ರ
ಎರಡು ಮೂರು ಚೌಕದ ಮೇಲೆ ಹರಡಿತ್ತು.